ನೈಟ್ ಡ್ಯೂಟಿ ಇಲ್ಲ ಅಂತ ಡೇ ಕೇರ್ ಸರ್ಜರಿ ಸೆಂಟರ್‌ಗೆ ಸೇರಬಹುದಾ?

ನಿಮ್ಮ ಪ್ರಶ್ನೆ ಓದುವಾಗ ನನ್ನದೇ ಹಳೇ ಕಥೆ ಓದಿದ ಹಾಗಾಯ್ತು. ಮಂಗಳೂರಿನಲ್ಲಿ ಸರ್ಜಿಕಲ್ ವಾರ್ಡ್, ನೈಟ್ ಡ್ಯೂಟಿ ಮಾಡಿ ಮಾಡಿ ಸುಸ್ತು, ಮನೆ ಕಾಸರಗೋಡು ಕಡೆ. ಈಗ ಊರ ಹತ್ತಿರವೇ, ಆಪರೇಷನ್ ಮಾಡಿ ಅವತ್ತೇ ಮನೆಗೆ ಕಳಿಸುವ ಡೇ ಕೇರ್ ಸರ್ಜರಿ ಸೆಂಟರ್‌ನಲ್ಲಿ ಕೆಲಸ ಸಿಕ್ಕಿದೆ, ನೈಟ್ ಇಲ್ಲ, ಆರಾಮ ಅಂತಾರೆ, ಸೇರಲಾ, ಕಲಿತದ್ದು ಮರೆತು ಹೋಗುತ್ತಾ ಅಂತ ಕೇಳಿದ್ದೀರಿ. ನಾನೂ ನಾಲ್ಕು ವರ್ಷ ವಾರ್ಡ್‌ನಲ್ಲಿದ್ದು ಹೀಗೇ ಸೇರಿದವಳು. ಆರಾಮ ಅಂತ ನನಗೂ ಹೇಳಿದ್ದರು.

ಸೇರಿದ ಸೆಂಟರ್ ಚಿಕ್ಕದು. ಎರಡು ಥಿಯೇಟರ್, ಆರು ಬೆಡ್‌ನ ರಿಕವರಿ. ಕಣ್ಣಿನ ಪೊರೆ, ಹರ್ನಿಯಾ, ಪೈಲ್ಸ್, ಟಾನ್ಸಿಲ್, ಗಂಟು ತೆಗೆಯುವುದು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಸಂಜೆ ಆರಕ್ಕೆ ಬೀಗ. ಮೊದಲ ಎರಡು ತಿಂಗಳು ಸ್ವರ್ಗ ಅನ್ನಿಸಿತು. ರಾತ್ರಿ ಮನೆಯಲ್ಲಿ ಊಟ, ಮಗುವಿನ ಪಕ್ಕ ನಿದ್ದೆ.

ಮೂರನೇ ತಿಂಗಳು ಜುಲೈ. ಜೋರು ಮಳೆ. ಮುಳ್ಳೇರಿಯದಿಂದ ಇನ್ನೂ ಒಳಗಿನ ಒಬ್ಬ ಅಡಿಕೆ ಕೃಷಿಕರು ಹರ್ನಿಯಾಕ್ಕೆ ಬಂದಿದ್ದರು. ವಯಸ್ಸು ಅರುವತ್ತು ದಾಟಿತ್ತು. ಜೊತೆಗೆ ಹೆಂಡತಿ ಮತ್ತು ಮಗ. ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ ಇಂಜೆಕ್ಷನ್) ಕೊಟ್ಟು ಮೆಶ್ ಅಂದರೆ ಬಲೆ ಹಾಕಿದರು, ಆಪರೇಷನ್ ಚೆನ್ನಾಗಿಯೇ ಆಯ್ತು. ಅವತ್ತು ಲಿಸ್ಟ್ ತಡವಾಗಿತ್ತು, ಅವರು ರಿಕವರಿಗೆ ಬರುವಾಗಲೇ ಮಧ್ಯಾಹ್ನ ಒಂದೂವರೆ. ಐದೂವರೆಗೆ ಕಾಲು ಚೆನ್ನಾಗಿ ಆಡುತ್ತಿತ್ತು, ನಡೆದರು, ಚಹಾ ಕುಡಿದರು, ವಾಂತಿ ಇಲ್ಲ. ಹೊರಗೆ ಜೀಪು ಕಾಯುತ್ತಿತ್ತು. ಮಗ ಅವತ್ತೇ ರಾತ್ರಿ ಕೆಲಸಕ್ಕೆ ವಾಪಸ್ ಮಂಗಳೂರಿಗೆ ಹೋಗಬೇಕಿತ್ತು. ನಾನು ಫೈಲ್ ಕೈಯಲ್ಲಿ ಹಿಡಿದು ನಿಂತುಕೊಂಡೇ ಕೇಳಿದೆ, "ಮೂತ್ರ ಆಯ್ತಾ?" ಅವರು "ಆತು ಆತು" ಅಂದರು. ಟಿಕ್ ಹಾಕಿದೆ. ಕಳಿಸಿದೆ.

ಈ ತಪ್ಪನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ದಯವಿಟ್ಟು ಓದಿ. ಅವರಿಗೆ ಮೂತ್ರ ಆಗಿರಲಿಲ್ಲ. ಸ್ಪೈನಲ್ ಆದಾಗ ಕಾಲಿಗೆ ಶಕ್ತಿ ಬಂದರೂ ಮೂತ್ರಚೀಲ ಎಚ್ಚರ ಆಗುವುದು ಆಮೇಲೆ. ನಾವು ಸಾಮಾನ್ಯವಾಗಿ ಕೊಡುವ ಅರಿವಳಿಕೆ ಮದ್ದು ಬುಪಿವಕೈನ್‌ನಲ್ಲಂತೂ ಅದಕ್ಕೆ ಏಳೆಂಟು ಗಂಟೆ ಹಿಡಿಯಬಹುದು. ಅಷ್ಟರಲ್ಲಿ ಡ್ರಿಪ್‌ನಲ್ಲಿ ಹೋದ ನೀರೆಲ್ಲ ಕೆಳಗೆ ತುಂಬುತ್ತಿರುತ್ತದೆ, ಆದರೆ ತುಂಬಿದ್ದು ರೋಗಿಗೆ ಗೊತ್ತೇ ಆಗುವುದಿಲ್ಲ. 400, 500 ಎಂಎಲ್ ಅಂದರೆ ತುಂಬಿದ ಹಾಗೆ. 600 ದಾಟಿ ಹಾಗೇ ಬಿಟ್ಟರೆ ಚೀಲದ ಸ್ನಾಯು ಹಿಗ್ಗಿ ಸೋತು ಹೋಗುತ್ತದೆ, ಆಮೇಲೆ ಮದ್ದಿನ ಪ್ರಭಾವ ಇಳಿದರೂ ಹಿಂಡಲು ಆಗುವುದಿಲ್ಲ. ಗಂಡಸು, ಐವತ್ತು ದಾಟಿದ ವಯಸ್ಸು, ಸ್ಪೈನಲ್, ಹರ್ನಿಯಾ ಅಥವಾ ಪೈಲ್ಸ್. ಇಷ್ಟು ಒಟ್ಟಿಗೆ ಸೇರಿದರೆ ಮೂತ್ರ ಕಟ್ಟುವ ಸಾಧ್ಯತೆ ಜಾಸ್ತಿ ಅಂತ ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಮಾರ್ಕ್ ತೆಗೆದವಳು ನಾನು.

ಸ್ಕೋರ್ ಶೀಟ್‌ನಲ್ಲಿ ಅವರಿಗೆ 10ಕ್ಕೆ 10 ಇತ್ತು. ರಿಕವರಿಯಲ್ಲಿ ನೋಡುವ ಆಲ್ಡ್ರೆಟೆ ಸ್ಕೋರ್‌ನಲ್ಲಿ ಕೈಕಾಲು ಆಡುವುದು, ಉಸಿರು, ಬಿಪಿ, ಎಚ್ಚರ, ಆಕ್ಸಿಜನ್ ಇರುತ್ತವೆ. ಮನೆಗೆ ಕಳಿಸುವ ಸ್ಕೋರ್‌ನಲ್ಲಿ ನಾಡಿ ಮತ್ತು ಬಿಪಿ, ನಡಿಗೆ, ವಾಂತಿ, ನೋವು, ರಕ್ತಸ್ರಾವ. 9 ಬಂದರೆ ಕಳಿಸಬಹುದು. ಮೂತ್ರ ಅದರಲ್ಲಿ ಇಲ್ಲ. ಮೊದಲು ಇತ್ತು, ಎಲ್ಲರನ್ನೂ ಅದಕ್ಕಾಗಿ ಕಾಯಿಸುವ ಅಗತ್ಯ ಇಲ್ಲ ಅಂತ ಆಮೇಲೆ ತೆಗೆದರು. ಸರಿಯೇ, ಕಣ್ಣಿನ ಪೊರೆ ತೆಗೆಸಿಕೊಂಡವರನ್ನು ಯಾಕೆ ಕಾಯಿಸಬೇಕು? ಆದರೆ ಇಂಥವರನ್ನು ಕಾಯಿಸಲೇಬೇಕು. ನಮ್ಮ ಶೀಟ್‌ನ ಕೆಳಗೆ ಅದಕ್ಕಾಗಿಯೇ ಬೇರೆ ಒಂದು ಸಾಲು ಇತ್ತು. ಆ ಸಾಲಿಗೇ ನಾನು ಟಿಕ್ ಹಾಕಿದ್ದು.

ರಾತ್ರಿ ಹನ್ನೊಂದಕ್ಕೆ ಹೊಟ್ಟೆಯ ಕೆಳಗೆ ನೋವು ಶುರುವಾಯ್ತಂತೆ. ಆಪರೇಷನ್ ಆದ ಜಾಗ, ನೋವು ಇರುವುದೇ ಅಂದುಕೊಂಡು ಹೆಂಡತಿ ನಾವು ಕೊಟ್ಟ ನೋವಿನ ಮಾತ್ರೆ ಕೊಟ್ಟರು. ಒಂದು ಗಂಟೆಗೆ ತಡೆಯಲು ಆಗಲಿಲ್ಲ. ನಾವು ಕೊಟ್ಟ ಹಾಳೆಯಲ್ಲಿ "ಆರು ಗಂಟೆಗಳ ಒಳಗೆ ಮೂತ್ರ ಹೋಗದಿದ್ದರೆ ಫೋನ್ ಮಾಡಿ" ಅಂತ ಬರೆದೇ ಇತ್ತು, ಮಲಯಾಳದಲ್ಲಿ. ಆಕೆ ಕನ್ನಡ ಶಾಲೆಯಲ್ಲಿ ಕಲಿತವರು, ಮಲಯಾಳ ಮಾತು ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ಓದಬಲ್ಲ ಮಗ ಮಂಗಳೂರಿನಲ್ಲಿ. ಅಂಕಿ ಗೊತ್ತಾಗುತ್ತದಲ್ಲ, ನಂಬರ್ ನೋಡಿ ಆಕೆ ಫೋನ್ ಮಾಡಿದ್ದಾರೆ. ಅದು ರಿಸೆಪ್ಷನ್‌ನ ಲ್ಯಾಂಡ್‌ಲೈನ್. ಬೀಗ ಹಾಕಿದ ಕಟ್ಟಡದೊಳಗೆ ಅದು ಎಷ್ಟು ಸಲ ಹೊಡೆದುಕೊಂಡಿತೋ. ಆ ಮಳೆಗೆ ರಾತ್ರಿ ಜೀಪು ಸಿಗಲಿಲ್ಲ. ಬೆಳಿಗ್ಗೆ ಒಂದು ಆಸ್ಪತ್ರೆಗೆ ಮುಟ್ಟಿ ಕೆಥೀಟರ್ (ಮೂತ್ರ ತೆಗೆಯುವ ಕೊಳವೆ) ಹಾಕಿದಾಗ ಬಂದದ್ದು ಒಂದು ಲೀಟರ್‌ಗಿಂತ ಜಾಸ್ತಿ. ಕೆಥೀಟರ್ ಒಮ್ಮೆ ತೆಗೆದು ನೋಡಿದರು, ಹೋಗಲಿಲ್ಲ, ಮತ್ತೆ ಹಾಕಿದರು. ಪ್ರಾಸ್ಟೇಟ್‌ಗೆ ಮದ್ದು ಶುರು ಮಾಡಿದರು. ಮೂರು ವಾರ ಅವರು ಕೆಥೀಟರ್‌ನ ಚೀಲ ನೇತುಹಾಕಿಕೊಂಡೇ ಇದ್ದರು.

ಹರ್ನಿಯಾದ ಗಾಯ ತೋರಿಸಲು ಬಂದಾಗ ನಾನೇ ಹೋಗಿ ಅವರ ಪಕ್ಕ ಕೂತೆ. ಮೂತ್ರ ಆಯ್ತು ಅಂದಿದ್ದಿರಲ್ಲ ಅಂತ ಕೇಳಿದೆ. ಅವರಿಗೆ ಆಶ್ಚರ್ಯ. ಬೆಳಿಗ್ಗೆ ಥಿಯೇಟರ್‌ಗೆ ಕರೆದುಕೊಂಡು ಹೋಗುವ ಮೊದಲು ನಾನೇ ಕೇಳಿದ್ದೆನಂತೆ, ಮೂತ್ರ ಆಯ್ತಾ ಅಂತ. ಆಗ "ಆತು" ಅಂದಿದ್ದರು. ಸಂಜೆ ಮತ್ತೆ ಅದೇ ಪ್ರಶ್ನೆ, ಅದೇ ಮಾತಿನಲ್ಲಿ. ಬೆಳಗ್ಗಿನದ್ದನ್ನೇ ಮತ್ತೆ ಕೇಳುತ್ತಿದ್ದಾರೆ ಅಂದುಕೊಂಡು ಅದೇ ಉತ್ತರ ಕೊಟ್ಟಿದ್ದಾರೆ. ಅವರು ಸುಳ್ಳು ಹೇಳಲಿಲ್ಲ. ನಾನು ಕೇಳಿದ್ದೇ ಸರಿ ಇರಲಿಲ್ಲ.

ವಾರ್ಡ್‌ನಲ್ಲಾಗಿದ್ದರೆ? ಸಂಜೆಯ ಸಿಸ್ಟರ್ ಔಟ್‌ಪುಟ್ ಚಾರ್ಟ್ ನೋಡಿ ಕೇಳುತ್ತಿದ್ದರು. ಅವರು ಬಿಟ್ಟರೆ ನೈಟ್‌ನವರು ಹಿಡಿಯುತ್ತಿದ್ದರು. ನಿಮ್ಮ ಒಂದು ತಪ್ಪಿನ ಹಿಂದೆ ಇನ್ನೂ ಮೂರು ಜೊತೆ ಕಣ್ಣು ಇರುತ್ತದೆ. ಡೇ ಕೇರ್‌ನಲ್ಲಿ ನಿಮ್ಮ ನಂತರ ನರ್ಸ್ ಇಲ್ಲ. ಆ ರಾತ್ರಿಯ ಡ್ಯೂಟಿ ಮಾಡುವುದು ರೋಗಿಯ ಹೆಂಡತಿ, ಸೊಸೆ, ಕೆಲವೊಮ್ಮೆ ಹದಿನೈದು ವರ್ಷದ ಮಗಳು. ಹಾಗಾಗಿ ನೈಟ್ ಡ್ಯೂಟಿ ಇಲ್ಲದ ಕೆಲಸ ಅನ್ನುವ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ನೈಟ್ ಇದೆ, ಯಾರೋ ಮಾಡುತ್ತಿದ್ದಾರೆ, ಅವರಿಗೆ ಸರಿಯಾಗಿ ಹ್ಯಾಂಡ್ ಓವರ್ ಕೊಡುವುದೇ ಇಲ್ಲಿ ನಮ್ಮ ಮುಖ್ಯ ಕೆಲಸ. ಕಲಿತದ್ದು ಮರೆಯುತ್ತದೆ ಅನ್ನುವ ಭಯವೂ ಬೇಡ. ವಾರ್ಡ್‌ನಲ್ಲಿ ಮೂರು ದಿನ ನೋಡಿ ತೀರ್ಮಾನಿಸುವುದನ್ನು ಇಲ್ಲಿ ಮೂರು ಗಂಟೆಯಲ್ಲಿ ತೀರ್ಮಾನಿಸಬೇಕು.

ಈಗ ನಾನು ಹೌದು, ಇಲ್ಲ ಅಂತ ಉತ್ತರ ಬರುವ ಪ್ರಶ್ನೆ ಕೇಳುವುದೇ ಇಲ್ಲ. "ಆಪರೇಷನ್ ಆದ ಮೇಲೆ ಎಷ್ಟು ಗಂಟೆಗೆ ಹೋದಿರಿ? ಧಾರೆಯಾಗಿ ಹೋಯ್ತಾ, ತೊಟ್ಟು ತೊಟ್ಟಾಗಿಯಾ?" ಅಂತ ಕೇಳುತ್ತೇನೆ. ಕೈಗೆ ಅಳತೆಯ ಜಗ್ ಕೊಡುತ್ತೇನೆ, ಹೊಟ್ಟೆ ಮುಟ್ಟಿ ನೋಡುತ್ತೇನೆ. ಆಪರೇಷನ್‌ಗೆ ಮೊದಲಿನ ಉಪವಾಸದ ವಿಷಯವೂ ಹಾಗೇ. ನಮ್ಮ ಕಡೆ ಊಟ ಅಂದರೆ ಅನ್ನ. ಊಟ ಮಾಡಿಲ್ಲ ಅಲ್ವಾ ಅಂದರೆ, ಎರಡು ನೀರುದೋಸೆ ತಿಂದು ಹಾಲು ಹಾಕಿದ ಚಹಾ ಕುಡಿದವರೂ ಇಲ್ಲ ಅನ್ನುತ್ತಾರೆ, ಅದು ಅವರಿಗೆ ಊಟ ಅಲ್ಲ. ಹಾಲು ಸೇರಿದ ಚಹಾಕ್ಕೂ 6 ಗಂಟೆ ಬೇಕು, ಬರೀ ನೀರಿಗಾದರೆ 2 ಗಂಟೆ ಸಾಕು. "ಎದ್ದ ಮೇಲೆ ಬಾಯಿಗೆ ಏನೇನು ಹೋಯ್ತು, ಒಂದೊಂದೇ ಹೇಳಿ" ಅಂತ ಕೇಳಿ ನೋಡಿ, ಎಲ್ಲ ಹೊರಗೆ ಬರುತ್ತದೆ.

ಇನ್ನು ಭಾಷೆ. ಇದನ್ನು ಕಾಸರಗೋಡಿನಲ್ಲಿ ಕೆಲಸ ಮಾಡುವವರು ಹಗುರವಾಗಿ ತೆಗೆದುಕೊಳ್ಳಬಾರದು. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ, ಆದರೂ ಮನೆಯೊಳಗೆ ತುಳು, ಬ್ಯಾರಿ, ಕೊಂಕಣಿ, ಮರಾಟಿ, ಹವ್ಯಕ ಕನ್ನಡ ಎಲ್ಲ ಇದೆ. ರೋಗಿ ತಲೆ ಅಲ್ಲಾಡಿಸಿದರೆ ಅರ್ಥ ಆಗಿದೆ ಅಂತಲ್ಲ. ಆ ರಾತ್ರಿ ಜೊತೆಗೆ ಇರುವವರು ಯಾರು ಅಂತ ಕೇಳಿ ಅವರನ್ನೇ ಒಳಗೆ ಕರೆಯಿರಿ, ಜೀಪಿನ ಬಾಡಿಗೆ ಕೊಡುವವರನ್ನಲ್ಲ. ಹೇಳಿದ್ದನ್ನು ಅವರ ಬಾಯಿಂದ ಮತ್ತೆ ಹೇಳಿಸಿ. ನಾನು ಮೊದಲು ಕನ್ನಡದಲ್ಲಿ ಕೈಯಲ್ಲೇ ಬರೆದು ಕೊಡುತ್ತಿದ್ದೆ. ಆರು ತಿಂಗಳು ಹೇಳಿ ಹೇಳಿ ಹಾಳೆಯ ಹಿಂದೆ ಕನ್ನಡ ಅಚ್ಚಾಯ್ತು.

ಮಂಗಳೂರು ಹತ್ತಿರ ಇದೆಯಲ್ಲ, ಏನಾದರೂ ಆದರೆ ಅಲ್ಲಿಗೆ ಹೋಗುತ್ತಾರೆ ಅನ್ನುವ ಮಾತು ನಮ್ಮ ಕಡೆಯ ಸೆಂಟರ್‌ಗಳಲ್ಲಿ ತುಂಬಾ ಕೇಳುತ್ತೀರಿ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕದ ಕಡೆಯ ತಲಪಾಡಿ ಗಡಿ ಮುಚ್ಚಿ, ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿಗೆ ಮುಟ್ಟಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಜೀವ ಬಿಟ್ಟರು. ಆಮೇಲೆ ಆ ಮಾತು ನನ್ನ ಕಿವಿಗೆ ಹಿಡಿಸುವುದಿಲ್ಲ.

ಕಾಗದಪತ್ರದ ವಿಷಯ ಒಂದು. ನಿಮ್ಮ ರಿಜಿಸ್ಟ್ರೇಷನ್ ಕರ್ನಾಟಕ ಕೌನ್ಸಿಲ್‌ನದ್ದಾದರೆ ಕೇರಳ ನರ್ಸಸ್ ಆ್ಯಂಡ್ ಮಿಡ್‌ವೈವ್ಸ್ ಕೌನ್ಸಿಲ್‌ನಲ್ಲಿ ಮಾಡಿಸಿಕೊಳ್ಳಬೇಕು. ಈಗಲೇ ಅರ್ಜಿ ಹಾಕಿ, ಸೇರಿದ ಮೇಲೆ ನೋಡೋಣ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸಂಬಳ ಕಡಿಮೆ ಅಂತ ಬರೆದಿದ್ದೀರಿ. ಕೇರಳ ಸರ್ಕಾರ 2018ರಲ್ಲೇ ಖಾಸಗಿ ಆಸ್ಪತ್ರೆಯ ನರ್ಸ್‌ಗಳಿಗೆ 20,000 ರೂಪಾಯಿ ಕನಿಷ್ಠ ಮೂಲ ವೇತನ ನಿಗದಿ ಮಾಡಿದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡಿ.

ನಾನು ಈಗಲೂ ಇದೇ ಕೆಲಸದಲ್ಲಿದ್ದೇನೆ, ಬೇರೆ ಸೆಂಟರ್. ವಾರ್ಡ್‌ಗೆ ವಾಪಸ್ ಹೋಗುವ ಮನಸ್ಸಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಹಿಂದಿನ ದಿನದ ಎಲ್ಲರಿಗೂ ನಾನೇ ಫೋನ್ ಮಾಡುತ್ತೇನೆ. "ಚೆನ್ನಾಗಿ ನಿದ್ದೆ ಬಂತು ಸಿಸ್ಟರೇ" ಅಂತ ಆ ಕಡೆಯಿಂದ ಕೇಳಿದಾಗ ಆಗುವ ಸಮಾಧಾನ ವಾರ್ಡ್‌ನಲ್ಲಿ ನನಗೆ ಸಿಕ್ಕಿರಲಿಲ್ಲ.

ನೀವು ಸೇರಿ. ಆದರೆ ಇಂಟರ್ವ್ಯೂಗೆ ಹೋದಾಗ ಕೆಥೀಟರ್ ಸೆಟ್ ಎಲ್ಲಿದೆ, ಸಂಜೆ ಆರಕ್ಕೂ ಮನೆಗೆ ಹೋಗುವ ಸ್ಥಿತಿಯಲ್ಲಿಲ್ಲದ ರೋಗಿಯನ್ನು ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಆಂಬ್ಯುಲೆನ್ಸ್ ಯಾರದ್ದು ಅಂತ ಕೇಳಿ. ರೋಗಿಗೆ ಕೊಡುವ ಹಾಳೆಯ ಒಂದು ಪ್ರತಿ ತೆಗೆದುಕೊಳ್ಳಿ. ಅದರಲ್ಲಿರುವ ನಂಬರ್‌ಗೆ ಅವತ್ತು ರಾತ್ರಿ ಒಂದು ಗಂಟೆಗೆ ನೀವೇ ಫೋನ್ ಮಾಡಿ ನೋಡಿ. ಯಾರೂ ಎತ್ತದಿದ್ದರೆ ಆ ಕೆಲಸ ಬೇಡ.