ಸಂಪಾದಕರ ಉತ್ತರ: ವರ್ಷಕ್ಕೊಮ್ಮೆ ಕೈಗೆತ್ತಿಕೊಳ್ಳುವ ಕೋವಿ

ವಿರಾಜಪೇಟೆ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರದ ಸಾರಾಂಶ ಹೀಗಿದೆ: "ನಮ್ಮ ಮನೆಯಲ್ಲಿ ಅಜ್ಜನ ಕಾಲದ ಜೋಡಿ ನಳಿಕೆಯ ಕೋವಿಯಿದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಅದನ್ನು ಪೂಜಿಸುತ್ತೇವೆ, ಊರಿನವರೆಲ್ಲ ಸೇರಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ, ಆಮೇಲೆ ಒರೆಸಿ ಒಳಗಿಡುತ್ತೇವೆ. ಪಿಯುಸಿ ಓದುತ್ತಿರುವ ಮಗಳು ಈಗ ಏರ್ ರೈಫಲ್ ಕಲಿಯಬೇಕು, ಸ್ಪರ್ಧೆಗಳಿಗೆ ಹೋಗಬೇಕು ಎಂದು ಹಟ ಹಿಡಿದಿದ್ದಾಳೆ. ಕೋವಿ ಹಿಡಿಯುವುದು ನಮಗೆ ರಕ್ತದಲ್ಲೇ ಬಂದದ್ದು. ಹತ್ತು ಮೀಟರ್ ದೂರದ ಕಾಗದಕ್ಕೆ ವಾರವಾರವೂ ಗುರಿಯಿಟ್ಟು ಅವಳು ಹೊಸದಾಗಿ ಕಲಿಯುವುದೇನಿದೆ? ಹಣವಂತರ ಆಟಕ್ಕೆ ನಾವೇಕೆ ದುಡ್ಡು ಸುರಿಯಬೇಕು? ಚಿಕ್ಕ ವಯಸ್ಸಿನಲ್ಲೇ ಕೋವಿಯ ಸಹವಾಸ ಹೆಚ್ಚಾದರೆ ಅದರ ಮೇಲಿನ ಭಯವೇ ಹೋಗಿಬಿಡುವುದಿಲ್ಲವೇ?"

ಮಾನ್ಯರೇ,

ತಮ್ಮ ಮೂರು ಪ್ರಶ್ನೆಗಳಿಗಿಂತ ಮೊದಲು ತಮ್ಮ ಒಂದು ವಾಕ್ಯದ ಬಗ್ಗೆ ಹೇಳಬೇಕಾಗಿದೆ. ಕೋವಿ ಹಿಡಿಯುವುದು ರಕ್ತದಲ್ಲೇ ಬಂದದ್ದು ಎಂದು ತಾವು ಬರೆದಿದ್ದೀರಿ. ಕೋವಿಯನ್ನು ಇಟ್ಟುಕೊಳ್ಳುವ ಹಕ್ಕು ತಮಗೆ ಹಿರಿಯರಿಂದ ಬಂದಿದೆ ಎಂಬುದು ನಿಜ. 1857ರ ದಂಗೆಯ ಬಳಿಕ ಬ್ರಿಟಿಷರು ಜನರಿಂದ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನು ತಂದಾಗ ಕೊಡಗಿನವರಿಗೆ 1861ರಲ್ಲಿ ವಿನಾಯಿತಿ ಸಿಕ್ಕಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಾಲದಲ್ಲೂ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ಆ ವಿನಾಯಿತಿ ಮುಂದುವರಿಯಿತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಗಳಿಗೆ, ಅಂದರೆ 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಇಷ್ಟೆಲ್ಲ ಹಕ್ಕಿನ ಚರಿತ್ರೆ. ಕೈಯ ಹದ ಮಾತ್ರ ಹಾಗೆ ಆಸ್ತಿಯಂತೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವುದಿಲ್ಲ. ತಮ್ಮ ಅಜ್ಜನ ಕಾಲದವರಿಗೆ ಅದು ಇತ್ತೆಂದರೆ, ಅವರು ವರ್ಷವಿಡೀ ಕೋವಿಯೊಡನೆ ಕಾಡು ಗದ್ದೆಗಳಲ್ಲಿ ತಿರುಗಾಡುತ್ತಿದ್ದರೆಂಬುದೇ ಅದಕ್ಕೆ ಕಾರಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ದಾರಿ ಮುಚ್ಚಿದೆ, ಮುಚ್ಚಿದ್ದು ಒಳ್ಳೆಯದೇ ಆಯಿತು. ಆದರೆ ಬೇಟೆ ನಿಂತ ಮೇಲೆ ಅಭ್ಯಾಸಕ್ಕೆ ಬೇರೆ ದಾರಿಯನ್ನು ನಮ್ಮಲ್ಲಿ ಹೆಚ್ಚಿನ ಮನೆಗಳವರು ಹುಡುಕಲಿಲ್ಲ. ಕೋವಿ ಮನೆಯಲ್ಲಿ ಉಳಿಯಿತು, ಅದನ್ನು ಬಳಸುವ ಹದ ಕೈಯಿಂದ ಜಾರಿತು. ನನ್ನ ಮಟ್ಟಿಗೆ ಇದು ತೀರ ಆತಂಕದ ಸಂಗತಿ.

ಕೊಡಗೊಂದರ ಮಾತಲ್ಲ ಇದು. ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡ ಕೃಷಿಕರು ಬಹಳ ಮಂದಿ ಇದ್ದಾರೆ. ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡುವುದು, ಮುಗಿದ ಮೇಲೆ ಬಿಡಿಸಿಕೊಂಡು ಬರುವುದು, ಅವಧಿ ತೀರುವ ಮುನ್ನ ನವೀಕರಣಕ್ಕೆ ಓಡಾಡುವುದು, ಇವಿಷ್ಟರಲ್ಲೇ ಅವರಲ್ಲಿ ಅನೇಕರ ಕೋವಿಯ ಒಡನಾಟ ಮುಗಿಯುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಕೋರುವವರಿಗೆ ಸುರಕ್ಷತೆಯ ತರಬೇತಿಯನ್ನು ವಿಧಿಸಿವೆ. ಅದು ಅಗತ್ಯವಾದ ಕ್ರಮವೇ ಆದರೂ ಒಮ್ಮೆ ಪಡೆದ ಪ್ರಮಾಣಪತ್ರ ಐದಾರು ವರ್ಷಗಳ ಬಳಿಕವೂ ಕೈಯನ್ನು ಹದವಾಗಿ ಇಟ್ಟಿರುತ್ತದೆಂದು ನಂಬುವುದು ಕಷ್ಟ. ಹಂದಿಯೆಂದು ಭಾವಿಸಿ ಮನುಷ್ಯನಿಗೇ ಗುಂಡು ಹೊಡೆದ ಸುದ್ದಿ, ಕೋವಿ ಒರೆಸುವಾಗ ಒಳಗಿದ್ದ ತೋಟಾ ಸಿಡಿದ ಸುದ್ದಿ ಮಲೆನಾಡಿನ ಓದುಗರಿಗೆ ಹೊಸತಲ್ಲ. ಇಂಥವುಗಳಲ್ಲಿ ಹೆಚ್ಚಿನವು ದುರುದ್ದೇಶದಿಂದ ಆದವುಗಳಲ್ಲ, ರೂಢಿ ತಪ್ಪಿದ ಕೈಗಳಿಂದ ಆದವುಗಳು.

ಈಗ ತಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಕಾಗದಕ್ಕೆ ಗುರಿಯಿಟ್ಟು ಕಲಿಯುವುದೇನು?

10 ಮೀಟರ್ ಏರ್ ರೈಫಲ್ ಗುರಿಹಲಗೆಯ ನಡುವಣ ಹತ್ತು ಅಂಕದ ಚುಕ್ಕೆಯ ಅಗಲ 0.5 ಮಿಲಿಮೀಟರ್, ರಾಗಿ ಕಾಳಿಗಿಂತಲೂ ಚಿಕ್ಕದು. ಅದರತ್ತ ಹಾರುವ ಗುಂಡಿನ ಅಗಲವೇ 4.5 ಮಿಲಿಮೀಟರ್. ಅರ್ಹತಾ ಸುತ್ತಿನಲ್ಲಿ ನಿಂತುಕೊಂಡೇ 60 ಗುಂಡುಗಳನ್ನು 75 ನಿಮಿಷಗಳೊಳಗೆ ಹಾರಿಸಬೇಕು. ಅಂಕವನ್ನು ದಶಮಾಂಶದಲ್ಲಿ ಎಣಿಸುವುದರಿಂದ ಒಂದು ಗುಂಡಿಗೆ ಸಿಗಬಹುದಾದ ಗರಿಷ್ಠ ಅಂಕ 10.9. ತೆಂಗಿನಕಾಯಿ ಒಡೆದರೆ ಒಡೆಯಿತು, ಇಲ್ಲದಿದ್ದರೆ ಇಲ್ಲ. ಗುಂಡು ಎಲ್ಲಿಗೆ ಹೋಯಿತು, ಏಕೆ ಹೋಯಿತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಗುರಿಹಲಗೆ ಮಾತ್ರ ಪ್ರತಿ ಗುಂಡಿನ ಲೆಕ್ಕವನ್ನೂ ಮುಖಕ್ಕೆ ಹಿಡಿಯುತ್ತದೆ. ಗುಂಡುಗಳು ಒಂದೇ ಸಮನೆ ಎಡಕ್ಕೆ ಸರಿಯುತ್ತಿದ್ದರೆ ಟ್ರಿಗರ್ ಮೇಲಿನ ಬೆರಳನ್ನೋ ನಿಲುವನ್ನೋ ನೋಡಿಕೊಳ್ಳಬೇಕು. ಮೇಲೆ ಕೆಳಗೆ ಹರಡಿದರೆ ಉಸಿರಿನತ್ತ ಗಮನ ಕೊಡಬೇಕು. ಕೊನೆಯ ಹತ್ತು ಗುಂಡುಗಳಲ್ಲಿ ಅಂಕ ಕುಸಿದರೆ ಸೋತದ್ದು ದೇಹವೋ ಮನಸ್ಸೋ ಎಂದು ತಿಳಿಯಬೇಕು. ತನ್ನ ತಪ್ಪನ್ನು ತಾನೇ ಓದಿಕೊಳ್ಳುವ ಈ ಕ್ರಮ ಹದಿನೇಳರ ವಯಸ್ಸಿನ ಹುಡುಗಿಗೆ ಸಿಕ್ಕರೆ ಅದನ್ನು ದುಡ್ಡಿನ ಪೋಲು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೊಸಬರಲ್ಲೂ, ಅಭ್ಯಾಸ ಬಿಟ್ಟ ಹಳಬರಲ್ಲೂ ಕಾಣುವ ಒಂದು ದೋಷವಿದೆ. 12 ಬೋರ್ ಕೋವಿ ಭುಜಕ್ಕೆ ಒದೆಯುತ್ತದೆಂದು ದೇಹಕ್ಕೆ ಗೊತ್ತಿರುತ್ತದೆ. ಆದ್ದರಿಂದ ಗುಂಡು ಹಾರುವ ಕ್ಷಣಾರ್ಧ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ, ಭುಜ ಮುಂದಕ್ಕೆ ನೂಕುತ್ತದೆ, ಬೆರಳು ಟ್ರಿಗರನ್ನು ಮೆಲ್ಲನೆ ಒತ್ತುವ ಬದಲು ಜಗ್ಗಿಬಿಡುತ್ತದೆ. ಸದ್ದಿನಲ್ಲೂ ಒದೆತದಲ್ಲೂ ಈ ಬೆದರು ಮುಚ್ಚಿಹೋಗುವುದರಿಂದ ಹೊಡೆದವನಿಗೆ ಅದು ತಿಳಿಯುವುದೇ ಇಲ್ಲ, ತೋಟಾದ್ದೋ ಗಾಳಿಯದ್ದೋ ದೋಷವೆಂದು ಅವನು ಭಾವಿಸುತ್ತಾನೆ. ತರಬೇತುದಾರರು ಶಿಷ್ಯನಿಗೆ ತಿಳಿಸದೆ ನಡುನಡುವೆ ಹುಸಿ ತೋಟಾ ತುಂಬಿ ಇದನ್ನು ಬಯಲಿಗೆಳೆಯುತ್ತಾರೆ. ಸದ್ದಿಲ್ಲದೆ ಟ್ರಿಗರ್ ಮಾತ್ರ ಟಕ್ಕೆಂದಾಗ ನಳಿಕೆಯ ತುದಿ ಹೇಗೆ ಕೆಳಕ್ಕೆ ಕುಸಿಯಿತೆಂಬುದನ್ನು ಶಿಷ್ಯನೇ ಕಣ್ಣಾರೆ ಕಾಣುತ್ತಾನೆ. ಒದೆತವೇ ಇಲ್ಲವೆನ್ನಬಹುದಾದ ಏರ್ ರೈಫಲ್‌ನಲ್ಲಿ ಮೊದಲು ಕಲಿತವರಿಗೆ ಈ ಬೆದರು ಸುಲಭವಾಗಿ ಅಂಟುವುದಿಲ್ಲ. ತಮ್ಮ ಮಗಳು ಏರ್ ರೈಫಲ್‌ನಿಂದ ಆರಂಭಿಸಬೇಕೆಂದು ಬಯಸಿದ್ದು ಈ ಕಾರಣದಿಂದಲೇ ಸರಿಯಾದ ಆಯ್ಕೆ.

ಅಭ್ಯಾಸವನ್ನು ಸ್ಪರ್ಧೆ ಇಲ್ಲದೆಯೂ ಮಾಡಬಹುದಲ್ಲವೇ ಎಂದು ತಾವು ಕೇಳಬಹುದು. ಮಾಡಬಹುದು, ಆದರೆ ಒಬ್ಬರೇ ಮಾಡುವ ಅಭ್ಯಾಸ ಮೂರು ತಿಂಗಳಲ್ಲಿ ಸಡಿಲವಾಗುತ್ತದೆ. ಮಳೆ, ಮದುವೆ, ಕಾಫಿ ಕೊಯ್ಲು, ಒಂದಲ್ಲ ಒಂದು ನೆಪ ಸಿಕ್ಕೇ ಸಿಗುತ್ತದೆ. ಸ್ಪರ್ಧೆಯ ದಿನಾಂಕವೆಂಬುದು ಗೊತ್ತಾದರೆ ವಾರದ ದಿನಗಳು ತಾವಾಗಿ ಜೋಡಿಸಿಕೊಳ್ಳುತ್ತವೆ. ಇದಕ್ಕಿಂತ ಮುಖ್ಯವಾಗಿ, ಒತ್ತಡದಲ್ಲಿ ಕೈ ಹೇಗೆ ವರ್ತಿಸುತ್ತದೆಂಬುದು ಒತ್ತಡದಲ್ಲೇ ತಿಳಿಯಬೇಕು. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಏರ್ ರೈಫಲ್ ಫೈನಲ್‌ನಲ್ಲಿ ಕೊನೆಯ ಗುಂಡಿಗೆ ಮೊದಲು ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಸಮಸಮವಾಗಿದ್ದರು. ಬಿಂದ್ರಾ ಆ ಗುಂಡಿಗೆ 10.8 ಪಡೆದು ಚಿನ್ನ ಗೆದ್ದರು. ಭಾರತಕ್ಕೆ ವೈಯಕ್ತಿಕ ವಿಭಾಗದಲ್ಲಿ ಬಂದ ಮೊದಲ ಒಲಿಂಪಿಕ್ ಚಿನ್ನ ಅದು. ಅದೇ ಬಿಂದ್ರಾ ನಾಲ್ಕು ವರ್ಷ ಹಿಂದೆ ಅಥೆನ್ಸ್‌ನ ಫೈನಲ್‌ನಲ್ಲಿ ಏಳನೆಯವರಾಗಿ ಮುಗಿಸಿದ್ದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಟೋಕಿಯೊದಲ್ಲಿ ಪಿಸ್ತೂಲು ಕೈಕೊಟ್ಟು, ಅರ್ಹತಾ ಸುತ್ತಿನ ಅಮೂಲ್ಯ ನಿಮಿಷಗಳನ್ನು ಕಳೆದುಕೊಂಡು, ಫೈನಲ್ ತಪ್ಪಿಸಿಕೊಂಡ ಮನು ಭಾಕರ್ 2024ರಲ್ಲಿ ಪ್ಯಾರಿಸ್‌ನಿಂದ ಎರಡು ಕಂಚಿನ ಪದಕಗಳೊಂದಿಗೆ ಮರಳಿದರು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಮುಖದ ಪಾರ್ಶ್ವವಾಯುವಿಗೆ ತುತ್ತಾದರು. ಗುರಿಗಾರನಿಗೆ ಮುಖದ, ಕಣ್ಣಿನ ಸ್ನಾಯುಗಳು ಎಷ್ಟು ಮುಖ್ಯವೆಂದು ವಿವರಿಸಬೇಕಿಲ್ಲ. ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು 10 ಮೀಟರ್ ಏರ್ ಪಿಸ್ತೂಲ್‌ನ ಬೆಳ್ಳಿ ಪದಕ ಗೆದ್ದರು. ಮೂವರನ್ನೂ ಮತ್ತೆ ಗುರಿಹಲಗೆಯ ಮುಂದೆ ನಿಲ್ಲಿಸಿದ್ದು ದಿನದಿನದ ಅಭ್ಯಾಸವೆಂದೇ ನಾನು ಭಾವಿಸುತ್ತೇನೆ.

ಕೋವಿಯ ಭಯ ಹೋಗಿಬಿಡುತ್ತದೆಂಬ ತಮ್ಮ ಅಂಜಿಕೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ, ತಂದೆಯಾದವರಿಗೆ ಅದು ಇರಲೇಬೇಕು. ಆದರೆ ಶೂಟಿಂಗ್ ರೇಂಜ್‌ನ ಒಳಗೆ ಒಂದು ಬೆಳಗ್ಗೆ ಕಳೆದು ನೋಡಿ. "ಲೋಡ್" ಎಂಬ ಆಜ್ಞೆ ಬರುವವರೆಗೆ ಯಾರೂ ಗುಂಡು ತುಂಬುವಂತಿಲ್ಲ. "ಸ್ಟಾಪ್" ಎಂದೊಡನೆ, ಗುರಿ ಎಷ್ಟೇ ಚೆನ್ನಾಗಿ ಕೂಡಿಬಂದಿದ್ದರೂ, ಬೆರಳು ತೆಗೆಯಬೇಕು. ಬಳಸದ ರೈಫಲ್‌ನ ನಳಿಕೆಯಲ್ಲಿ ಎದ್ದುಕಾಣುವ ಬಣ್ಣದ ಸುರಕ್ಷತಾ ದಾರ ಇರಬೇಕು. ಗುರಿಹಲಗೆಗಳತ್ತ ಜನ ಹೋದಾಗ ಯಾರೂ ಆಯುಧವನ್ನು ಮುಟ್ಟುವಂತಿಲ್ಲ. ನಳಿಕೆ ಯಾವಾಗಲೂ ಗುರಿಯ ದಿಕ್ಕಿಗೇ ಇರಬೇಕು, ಮರೆತು ಅಕ್ಕಪಕ್ಕಕ್ಕೆ ತಿರುಗಿಸಿದವರನ್ನು ಕೂಟದಿಂದಲೇ ಹೊರಗೆ ಕಳುಹಿಸುತ್ತಾರೆ. ಇವನ್ನು ವಾರಕ್ಕೆ ಎರಡು ಬಾರಿ, ಎರಡು ಮೂರು ವರ್ಷ ಪಾಲಿಸಿದ ಹುಡುಗಿಗೆ ಕೋವಿಯ ಬಗ್ಗೆ ಭಯ ಕಡಿಮೆಯಾಗಿರಬಹುದು. ಆದರೆ ಮದುವೆಯ ಮನೆಯಲ್ಲಿ ಒಂದೆರಡು ಪೆಗ್ ಏರಿಸಿ ಆಕಾಶಕ್ಕೆ ಗುಂಡು ಹಾರಿಸುವ ನೆಂಟನ ಕೈಯಿಂದ ಕೋವಿ ಕಿತ್ತುಕೊಳ್ಳುವ ಧೈರ್ಯ ಬಂದಿರುತ್ತದೆ. ಮೇಲಕ್ಕೆ ಹೋದ ಗುಂಡು ಎಲ್ಲೋ ಒಂದು ಕಡೆ ಇಳಿಯಲೇಬೇಕು ಎಂಬುದು ಅವಳಿಗೆ ಗೊತ್ತಿರುತ್ತದೆ. ಕಾನೂನೂ ಇದನ್ನು ಇದೇ ರೀತಿ ಕಾಣುತ್ತದೆ: ಪರವಾನಗಿ ಪಡೆಯಲು 21 ವರ್ಷ ತುಂಬಿರಬೇಕೆಂದು ಹೇಳುವ ಕಾಯ್ದೆಯೇ, ಅದಕ್ಕಿಂತ ಚಿಕ್ಕವರು ಮೇಲ್ವಿಚಾರಣೆಯಲ್ಲಿ ಗುರಿಯ ಅಭ್ಯಾಸ ಮಾಡಲು ಅವಕಾಶ ಕೊಟ್ಟಿದೆ. ನಳಿಕೆಯ ಒಳವ್ಯಾಸ 0.177 ಇಂಚು ಮೀರದ, 20 ಜೂಲ್‌ಗಿಂತ ಹೆಚ್ಚು ಬಲವಿಲ್ಲದ ಏರ್ ರೈಫಲ್‌ಗೆ ಪರವಾನಗಿಯೇ ಬೇಕಿಲ್ಲ.

ಹಣದ ಪ್ರಶ್ನೆಯಲ್ಲಿ ತಾವು ಬರೆದದ್ದರಲ್ಲಿ ಹುರುಳಿದೆ. ಅಂತರರಾಷ್ಟ್ರೀಯ ಮಟ್ಟದ ರೈಫಲ್, ಬಿಗಿ ಜಾಕೆಟ್, ಬೂಟು, ಗುಂಡುಗಳೆಲ್ಲ ಸೇರಿದರೆ ಸಾಧಾರಣ ಕುಟುಂಬಕ್ಕೆ ಭಾರವೇ. ಆದರೆ ಮೊದಲ ವರ್ಷ ಇವಾವುವೂ ಬೇಕಿಲ್ಲ. ತರಬೇತಿ ಕೇಂದ್ರದ ರೈಫಲ್‌ನಲ್ಲೇ ಕಲಿಯಬಹುದು, ಮನೆಯಲ್ಲಿ ಗುಂಡು ತುಂಬದೆಯೇ ನಿಲುವು, ಉಸಿರು, ಬೆರಳುಗಳನ್ನು ತಿದ್ದಿಕೊಳ್ಳಬಹುದು. ದೊಡ್ಡ ಗುರಿಗಾರರೂ ತಮ್ಮ ಅಭ್ಯಾಸದ ಒಂದು ಪಾಲನ್ನು ಗುಂಡಿಲ್ಲದೆಯೇ ಮಾಡುತ್ತಾರೆ. ರಾಜ್ಯಮಟ್ಟದ ಕೂಟವೊಂದರಲ್ಲಿ ಅವಳ ಅಂಕ ನೋಡಿದ ಮೇಲೆ ದೊಡ್ಡ ಖರ್ಚಿನ ಮಾತಾಡಿದರೆ ಸಾಕು.

ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. 10 ಮೀಟರ್ ಒಳಾಂಗಣದ ಆಟ ಎಲ್ಲವನ್ನೂ ಕಲಿಸುವುದಿಲ್ಲ. ಗುರಿಯ ಹಿಂದೆ ಏನಿದೆ ಎಂದು ನೋಡಬೇಕಾದ ಪ್ರಶ್ನೆ ಅಲ್ಲಿ ಏಳುವುದಿಲ್ಲ, ಏಕೆಂದರೆ ಹಿಂದೆ ಇರುವುದು ಗೋಡೆ. ತೋಟದ ಬೇಲಿಯಾಚೆ ಕೂಲಿಯವರ ಲೈನ್‌ಮನೆ ಇರುವ ಕಡೆ ಕೋವಿ ಎತ್ತಬಾರದೆಂಬ ವಿವೇಕವನ್ನು ಮನೆಯ ಹಿರಿಯರೇ ಕಲಿಸಬೇಕು. ಹಾಗೆಯೇ ತಮ್ಮ ಜೋಡಿ ನಳಿಕೆಗೆ ಹತ್ತಿರದ ಕ್ರೀಡೆಯೆಂದರೆ ಟ್ರ್ಯಾಪ್. 110 ಮಿಲಿಮೀಟರ್ ಅಗಲದ, ‘ಕ್ಲೇ’ ಎಂದು ಕರೆಯುವ ತಟ್ಟೆ 15 ಮೀಟರ್ ಮುಂದಿನ ಗುಂಡಿಯಿಂದ ಯಾವ ದಿಕ್ಕಿಗೆ ಹಾರುತ್ತದೆಂದು ತಿಳಿಯದೆ ನಿಂತು ಅದನ್ನು ಒಡೆಯಬೇಕು, ಒಂದು ಸುತ್ತಿಗೆ 25 ತಟ್ಟೆಗಳು. 2004ರಲ್ಲಿ ಸೇನಾಧಿಕಾರಿ ರಾಜ್ಯವರ್ಧನ್ ರಾಥೋಡ್ ಬೆಳ್ಳಿ ಗೆದ್ದದ್ದು ಇದೇ ಬಳಗದ ಡಬಲ್ ಟ್ರ್ಯಾಪ್‌ನಲ್ಲಿ. ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದ ನಾಡಿನ ಹುಡುಗ ಹುಡುಗಿಯರಿಗೆ ಈ ಆಟ ಒಗ್ಗಬೇಕು ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ. ಕೈಲ್‌ಪೊಳ್ದ್ ಹೊತ್ತಿನ ಕೂಟಗಳಲ್ಲಿ ಈಗಾಗಲೇ ಪಾಯಿಂಟ್ 22 ರೈಫಲ್, 12 ಬೋರ್, ಏರ್ ಗನ್ ಎಂದು ವಿಭಾಗಗಳಿವೆ, ಹೆಣ್ಣುಮಕ್ಕಳೂ ಹೊಡೆಯುತ್ತಾರೆ. ಆ ಸಂಘಟಕರೇ ಎರಡು ತಿಂಗಳಿಗೊಮ್ಮೆ ಅಂಕದ ಗುರಿಹಲಗೆಯ ಕೂಟ ನಡೆಸಿದರೆ ಹಬ್ಬದ ಕಳೆಯೂ ಹೆಚ್ಚುತ್ತದೆ, ಕೈಗಳೂ ಹದಗೊಳ್ಳುತ್ತವೆ.

ಆದ್ದರಿಂದ ಮಗಳನ್ನು ಕಳುಹಿಸಿಕೊಡಿ ಎಂಬುದೇ ನನ್ನ ಉತ್ತರ. ರಾಜ್ಯ ರೈಫಲ್ ಸಂಸ್ಥೆಯ ಮಾನ್ಯತೆ ಇರುವ ಕ್ಲಬ್ ಹತ್ತಿರದಲ್ಲಿ ಯಾವುದಿದೆ ಎಂದು ವಿಚಾರಿಸಿ, ಮೊದಲ ದಿನ ಅಂಕಗಳ ಬಗ್ಗೆ ಮಾತಾಡುವ ತರಬೇತುದಾರನಿಗಿಂತ ಸುರಕ್ಷತೆಯ ಬಗ್ಗೆ ಮಾತಾಡುವವರನ್ನು ಆರಿಸಿಕೊಳ್ಳಿ. ಆ ಮೊದಲ ಪಾಠಕ್ಕೆ ತಾವೂ ಅವಳ ಪಕ್ಕದಲ್ಲಿ ಕುಳಿತುಕೊಳ್ಳಿ. ಮನೆಯಲ್ಲಿ ಕೋವಿಯನ್ನೂ ತೋಟಾಗಳನ್ನೂ ಬೇರೆಬೇರೆ ಕಡೆ, ಬೀಗ ಹಾಕಿ ಇಡಿ.

ತಾವು ಕೇಳದೆ ಬಿಟ್ಟ ಇನ್ನೊಂದು ವಿಷಯವೂ ಇದೆ. ಹಳೆಯ ಕಾಲದ ಅನೇಕ 12 ಬೋರ್ ಕೋವಿಗಳ ತೋಟಾ ಕೂರುವ ಭಾಗ, ಅಂದರೆ ಕೋಣೆ, 65 ಮಿಲಿಮೀಟರ್ ಉದ್ದದ ತೋಟಾಕ್ಕೆಂದು ಕೊರೆದದ್ದು, ಈಗ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು 70 ಮಿಲಿಮೀಟರಿನದು. ಉದ್ದದ ತೋಟಾ ಗಿಡ್ಡ ಕೋಣೆಯಲ್ಲೂ ಕೂರುತ್ತದೆ, ಸಿಡಿದಾಗ ಮಾತ್ರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒಳಗಿನ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ತಮ್ಮ ಅಜ್ಜನ ಕೋವಿಯನ್ನು ಪರವಾನಗಿ ಇರುವ ಕೋವಿ ರಿಪೇರಿಯವರಲ್ಲಿಗೆ ಒಯ್ದು ಕೋಣೆಯ ಉದ್ದವನ್ನೂ ನಳಿಕೆಯ ಗೋಡೆಯನ್ನೂ ಅಳೆಸಿ. ಅವರು ನೋಡಿ ಹೇಳುವವರೆಗೆ, ಪೂಜೆಗೆ ಇಡಲು ಅಡ್ಡಿಯಿಲ್ಲ, ಈ ಸಲದ ತೆಂಗಿನಕಾಯಿ ಸ್ಪರ್ಧೆಗೆ ಮಾತ್ರ ಅದನ್ನು ಒಯ್ಯಬೇಡಿ.

— ಸಂಪಾದಕ