ಟರ್ಮಿನಲ್‌ನಲ್ಲಿ ಪೈಥಾನ್ 3.10, ಆದರೂ ‘ಮ್ಯಾಚ್’ಗೆ ಎರರ್ ಯಾಕೆ?

ಕುಂಬಳೆಯ ಶಾಲೆಯ ಲ್ಯಾಬಿನಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಂ ಮನೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ‘ಮ್ಯಾಚ್’ ಇರುವ ಸಾಲಿಗೆ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ, ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಪೈಥಾನ್‌ನ ವರ್ಷನ್ ಕೇಳಿದರೆ 3.10 ಅನ್ನುತ್ತದೆ, ಇದೆಂತ ಕಥೆ ಎಂದು ನಿಮ್ಮ ಪ್ರಶ್ನೆ. ಹಲವು ಸಾಧ್ಯತೆಗಳಲ್ಲಿ ಹೊಂದುವುದನ್ನು ಆರಿಸುವ ಈ ‘ಮ್ಯಾಚ್’ ಬಂದದ್ದೇ 2021ರ ಅಕ್ಟೋಬರಿನಲ್ಲಿ, 3.10ರ ಜೊತೆ. ಹಾಗಾಗಿ ಎರರ್ ಕೊಡುತ್ತಿರುವುದು ನೀವು ಟರ್ಮಿನಲ್‌ನಲ್ಲಿ ಕಂಡ ಪೈಥಾನ್ ಅಲ್ಲ. ನೀವು ಪ್ರೋಗ್ರಾಂ ಬರೆಯುವ ಎಡಿಟರ್ ಓಡಿಸುವ ಹಳೆಯದೊಂದು ಬೇರೆ ಉಂಟು.

ಬದಿಯಡ್ಕ ಪೇಟೆಯಲ್ಲಿ ‘ಭಟ್ರೇ’ ಅಂತ ಕೂಗಿದರೆ ನಾಲ್ಕು ಮಂದಿ ತಿರುಗುತ್ತಾರೆ. ಯಾವ ಮನೆಯವರು ಅಂತ ಕೇಳಬೇಕು. ಇಲ್ಲಿಯೂ ವರ್ಷನ್ ಮಾತ್ರ ಸಾಲದು, ಯಾವ ಫೋಲ್ಡರಿನದ್ದು ಅಂತಲೂ ಬೇಕು. ಅದನ್ನು ಎಡಿಟರ್‌ನ ಒಳಗಿಂದಲೇ ಕೇಳಿ. ಆಜ್ಞೆಗಳನ್ನು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ:

ಇಂಪೋರ್ಟ್ ಸಿಸ್
ಪ್ರಿಂಟ್(ಸಿಸ್.ಎಕ್ಸಿಕ್ಯೂಟೆಬಲ್)
ಪ್ರಿಂಟ್(ಸಿಸ್.ವರ್ಷನ್)

ಇದನ್ನು ಹೊಸ ಫೈಲಿನಲ್ಲಿ ಬರೆಯಿರಿ ಮಾರಾಯ್ರೆ, ಎರರ್ ಬರುವ ಫೈಲಿನ ತಲೆಗೆ ಹಾಕಿ ಪ್ರಯೋಜನ ಇಲ್ಲ. ಪೈಥಾನ್ ಮೊದಲು ಇಡೀ ಫೈಲನ್ನು ಓದಿ ವ್ಯಾಕರಣ ನೋಡುತ್ತದೆ. ಐವತ್ತನೇ ಸಾಲಿನ ‘ಮ್ಯಾಚ್’ ಅದಕ್ಕೆ ಅರ್ಥ ಆಗದಿದ್ದರೆ ಒಂದನೇ ಸಾಲೂ ಓಡುವುದಿಲ್ಲ. ಪ್ರಿಂಟ್ ಹಾಕಿದರೂ ಎಂತದೂ ಬರಲಿಲ್ಲ ಅಂತ ಹಲವರು ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಯಾವ ಎಡಿಟರ್ ಅಂತ ನೀವು ಹೇಳಿಲ್ಲ. ನನ್ನ ಅನುಮಾನ ಥಾನಿಯ ಮೇಲೆ. ಅದು ತನ್ನದೇ ಪೈಥಾನನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇನ್‌ಸ್ಟಾಲ್ ಆಗುತ್ತದೆ, ಹಳೆಯ ಥಾನಿಯೊಳಗೆ ಇದ್ದದ್ದು 3.7. ವಿಎಸ್ ಕೋಡ್ ಆದರೆ ಪೈಥಾನ್ ಫೈಲ್ ತೆರೆದಾಗ ಕೆಳಗೆ ಬಲಮೂಲೆಯಲ್ಲಿ ವರ್ಷನ್ ಕಾಣುತ್ತದೆ, ಅದನ್ನು ಒತ್ತಿದರೆ ಬದಲಿಸಬಹುದು.

ಲ್ಯಾಬಿನ ಕಥೆ ಬೇರೆ. ನಮ್ಮ ಕೇರಳದ ಶಾಲೆಗಳಲ್ಲಿರುವುದು ಶಾಲೆಗಳ ಕಂಪ್ಯೂಟರ್ ಕೆಲಸ ನೋಡುವ ಸರಕಾರಿ ಸಂಸ್ಥೆ ಕೈಟ್‌ನವರು, ವಿಂಡೋಸ್ ಬದಲಿಗೆ ಬಳಸುವ ಉಬುಂಟುವಿನ ಮೇಲೆ ಕಟ್ಟಿದ ವ್ಯವಸ್ಥೆ, ಉಬುಂಟು 22.04ರ ಜೊತೆ ಬರುವುದೇ 3.10. ಅಲ್ಲಿ ‘ಪೈಥಾನ್3 --ವರ್ಷನ್’ ಅಂತ 3 ಸೇರಿಸಿಯೇ ಕೇಳಿ, ಹಳೆಯ ಉಬುಂಟುಗಳಲ್ಲಿ ಬರೀ ‘ಪೈಥಾನ್’ ಅಂದರೆ 2.7.

ಮನೆಯ ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ (ಪವರ್‌ಶೆಲ್‌ನಲ್ಲಿ ಅಲ್ಲ) ‘ವೇರ್ ಪೈಥಾನ್’ ಅಂತ ಕೊಟ್ಟರೆ ಪಾತ್‌ನಲ್ಲಿರುವ, ಅಂದರೆ ವಿಂಡೋಸ್ ಆಜ್ಞೆಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿರುವ, ಪೈಥಾನ್‌ಗಳೆಲ್ಲ ಸಾಲಾಗಿ ಬರುತ್ತವೆ. ಅದರಲ್ಲಿ 3.10ರ ವಿಳಾಸ ನೋಡಿಕೊಂಡು ಥಾನಿಯ ಟೂಲ್ಸ್, ಆಪ್ಶನ್ಸ್, ಇಂಟರ್‌ಪ್ರಿಟರ್ ಅಂತ ಹೋಗಿ ಅಲ್ಲಿ ಕೊಡಿ. ಮೊದಲು ಹಾಕಿಕೊಂಡ ಪ್ಯಾಕೇಜುಗಳು ಹಳೆಯ ಪೈಥಾನ್‌ನಲ್ಲೇ ಉಳಿಯುತ್ತವೆ, ಬೇಕಾದ್ದನ್ನು ಇದಕ್ಕೆ ಪುನಃ ಹಾಕಬೇಕಾದೀತು.