ಅಪ್ಪ-ಅಮ್ಮ ಓದಿದ ಕಾಲೇಜು: ಅಮೆರಿಕದ ಅಡ್ಮಿಷನ್‌ನಲ್ಲಿ ಅದರ ತೂಕ ಎಷ್ಟು?

ನಿಮ್ಮ ಪ್ರಶ್ನೆ ಓದಿದೆ. ಮಗ ನ್ಯೂಜೆರ್ಸಿಯಲ್ಲಿ ಹತ್ತನೇ ಕ್ಲಾಸು, ನೀವಿಬ್ಬರೂ ಓದಿದ್ದು ಕರ್ನಾಟಕದಲ್ಲಿ. ಹಾರ್ವರ್ಡ್, ಯೇಲ್ ತರಹದ ಕಾಲೇಜುಗಳಲ್ಲಿ ಅಲ್ಲೇ ಓದಿದವರ ಮಕ್ಕಳಿಗೆ ಮೊದಲು ಸೀಟು ಅಂತ ಯಾರೋ ಹೇಳಿದ್ದಾರೆ. ಹಾಗಾದರೆ ಅರ್ಜಿ ಹಾಕುವುದೇ ದಂಡವಾ ಅಂತ ಕೇಳಿದ್ದೀರಿ.

ದಂಡ ಅಲ್ಲ. ಆದರೆ ನಿಮಗೆ ಹೇಳಿದವರು ಸುಳ್ಳನ್ನೂ ಹೇಳಿಲ್ಲ. ನಾನು ಮೇರಿಲ್ಯಾಂಡ್‌ನಲ್ಲಿರುವವನು, ಎರಡು ವರ್ಷದ ಹಿಂದೆ ಮಗಳ ಜೊತೆ ಈ ದಾರಿಯಲ್ಲಿ ನಡೆದವನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಇಲ್ಲಿ ಇದಕ್ಕೆ 'ಲೆಗಸಿ' ಅನ್ನುತ್ತಾರೆ. ಅರ್ಜಿ ಹಾಕುವ ಹುಡುಗನ ಅಪ್ಪನೋ ಅಮ್ಮನೋ ಅದೇ ಕಾಲೇಜಿನ ಹಳೆ ವಿದ್ಯಾರ್ಥಿಯಾಗಿದ್ದರೆ ಅವನು ಲೆಗಸಿ. ಇದರ ತೂಕ ಎಷ್ಟು ಎಂಬುದು ಬಹಳ ಕಾಲ ಕಾಲೇಜಿನ ನಾಲ್ಕು ಗೋಡೆಯೊಳಗೇ ಇತ್ತು. ಜನಾಂಗ ನೋಡಿ ಪ್ರವೇಶ ಕೊಡುತ್ತಾರೆ ಎಂದು ಹಾರ್ವರ್ಡ್ ಮೇಲೆ ಹೂಡಿದ್ದ ಮೊಕದ್ದಮೆ 2018ರಲ್ಲಿ ಬಾಸ್ಟನ್ ಕೋರ್ಟಿನಲ್ಲಿ ವಿಚಾರಣೆಗೆ ಬಂದಾಗ ಆರು ವರ್ಷದ ಅರ್ಜಿಗಳ ಲೆಕ್ಕ ಹೊರಗೆ ಬಿತ್ತು. ಲೆಗಸಿ ಮಕ್ಕಳಲ್ಲಿ ನೂರಕ್ಕೆ ಸುಮಾರು 33 ಮಂದಿಗೆ ಸೀಟು ಸಿಕ್ಕಿದ್ದರೆ, ಉಳಿದವರಲ್ಲಿ ನೂರಕ್ಕೆ ಆರು ಮಂದಿಗೆ.

ಓದಿದವರ ಮನೆಯ ಮಕ್ಕಳು ಚೆನ್ನಾಗಿ ಓದುತ್ತಾರೆ, ಅದಕ್ಕೇ ಹೆಚ್ಚು ಸಿಗುತ್ತದೆ ಅಂತ ನೀವು ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. 2023ರ ಜುಲೈನಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಹೊರತಂದ ಅಧ್ಯಯನ ಓದಿದ ಮೇಲೆ ಆ ಮಾತು ನಿಲ್ಲಲಿಲ್ಲ. ಅವರು ಐವಿ ಲೀಗ್ ಎಂಬ, ಹಾರ್ವರ್ಡ್, ಯೇಲ್ ಸೇರಿದ ಎಂಟು ಹಳೆಯ ಹೆಸರಾಂತ ಕಾಲೇಜುಗಳ ಜೊತೆ ಸ್ಟ್ಯಾನ್‌ಫರ್ಡ್, ಎಂಐಟಿ, ಡ್ಯೂಕ್, ಷಿಕಾಗೋಗಳನ್ನೂ ಸೇರಿಸಿ ನೋಡಿದರು. ಪರೀಕ್ಷೆಯಲ್ಲಿ ಒಂದೇ ಅಂಕ ಪಡೆದವರನ್ನು ಹೋಲಿಸಿದಾಗಲೂ, ಅತಿ ಶ್ರೀಮಂತ ಶೇಕಡಾ 1ರ ಮನೆಗಳ ಲೆಗಸಿ ಮಕ್ಕಳಿಗೆ ಸೀಟು ಸಿಗುವ ಸಂಭವ ಸಾಮಾನ್ಯ ಅರ್ಜಿದಾರನಿಗಿಂತ ಐದು ಪಟ್ಟು. ಅದಕ್ಕಿಂತ ನನ್ನ ಕಣ್ಣು ತೆರೆಸಿದ್ದು ಇನ್ನೊಂದು ಸಂಗತಿ. ಇದೇ ಮಕ್ಕಳು ತಮ್ಮ ಅಪ್ಪ-ಅಮ್ಮ ಓದಿರದ, ಅಷ್ಟೇ ದೊಡ್ಡ ಬೇರೆ ಕಾಲೇಜಿಗೆ ಅರ್ಜಿ ಹಾಕಿದರೆ ಅಲ್ಲಿ ಹೇಳಿಕೊಳ್ಳುವಂಥ ಮೇಲುಗೈ ಇರಲಿಲ್ಲ. ಮಗುವಿನ ಗುಣವೇ ಕಾರಣವಾಗಿದ್ದರೆ ಎಲ್ಲ ಕಡೆಯೂ ಬಾಗಿಲು ತೆರೆಯಬೇಕಿತ್ತಲ್ಲ? ತೆರೆದದ್ದು ಅಪ್ಪನ ಕಾಲೇಜಿನ ಬಾಗಿಲು ಮಾತ್ರ.

ಇನ್ನು ನಮ್ಮ ಮನೆಯ ಕಥೆ. ಅಕ್ಟೋಬರ್ ತಿಂಗಳ ಒಂದು ರಾತ್ರಿ, ಊಟ ಮುಗಿದು ತಟ್ಟೆ ಇನ್ನೂ ಎತ್ತಿರಲಿಲ್ಲ. ಮಗಳು ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಆನ್‌ಲೈನ್ ಅರ್ಜಿ) ಕುಟುಂಬದ ಪುಟ ತುಂಬುತ್ತಿದ್ದಳು. "ಅಪ್ಪ, ನಿನಗೆ ಡಿಗ್ರಿ ಬಂದ ವರ್ಷ ಯಾವ್ದು?" ಅಂದಳು. ತುಮಕೂರು, ಬಿ.ಇ., 1998 ಅಂದೆ. ಅವಳಮ್ಮನದು ಹಾಸನ, ಬಿ.ಎಸ್ಸಿ. ಆಮೇಲೆ ಒಂದು ಕಾಲೇಜಿನವರದೇ ಬೇರೆ ಪ್ರಶ್ನೆ ಬಂತು: ನಿಮ್ಮ ಸಂಬಂಧಿಕರಲ್ಲಿ ಯಾರಾದರೂ ನಮ್ಮಲ್ಲಿ ಓದಿದ್ದಾರೆಯೇ? 'ಇಲ್ಲ' ಅಂತ ಒತ್ತಿದಳು. ಅವಳು ಮುಂದಿನ ಪುಟಕ್ಕೆ ಹೋದಳು, ನಾನು ಅಲ್ಲೇ ನಿಂತೆ.

ನಾನು 1994ರಲ್ಲಿ, ಕರ್ನಾಟಕದಲ್ಲಿ ಸಿಇಟಿ ಶುರುವಾದ ವರ್ಷವೇ, ಅದನ್ನು ಬರೆದವನು. ನಮ್ಮ ಅಪ್ಪ ಕೆಎಸ್‌ಆರ್‌ಟಿಸಿ ಕಂಡಕ್ಟರ್. ಅಲ್ಲಿಯೂ ಅಪ್ಪನ ವಿಷಯ ಕೇಳುತ್ತಿದ್ದರು. ತಹಶೀಲ್ದಾರ್ ಕಚೇರಿಗೆ ಮೂರು ಸಲ ಅಲೆದು ಜಾತಿ ಮತ್ತು ಆದಾಯದ ಸರ್ಟಿಫಿಕೇಟ್ ತಂದಿದ್ದೆ. ಆದರೆ ಅಲ್ಲಿ ಅದನ್ನು ಕೇಳುತ್ತಿದ್ದದ್ದು ಹಿಂದೆ ಉಳಿದ ಮನೆಯ ಹುಡುಗನನ್ನು ಒಂದು ಮೆಟ್ಟಿಲು ಹತ್ತಿಸುವುದಕ್ಕೆ. ನ್ಯಾಯವಾಗಿ ಹೇಳಬೇಕೆಂದರೆ ಇಲ್ಲಿನ ಆ ಪುಟಕ್ಕೂ ಅಂಥದ್ದೊಂದು ಕೆಲಸ ಇದೆ. ಅಪ್ಪ-ಅಮ್ಮ ಇಬ್ಬರೂ ಡಿಗ್ರಿ ಮಾಡಿಲ್ಲದಿದ್ದರೆ ಮಗುವನ್ನು 'ಫಸ್ಟ್ ಜನರೇಷನ್' ಅಂತ ಗುರುತಿಸಿ ಅದನ್ನೂ ಗಮನಕ್ಕೆ ತಗೊಳ್ಳುತ್ತಾರೆ. ಒಂದೇ ಪುಟ, ಒಬ್ಬನನ್ನು ಮೇಲೆತ್ತಲಿಕ್ಕೂ ಬಳಕೆಯಾಗುತ್ತದೆ, ಆಗಲೇ ಮೇಲಿರುವವನಿಗೆ ಮತ್ತೊಂದು ಮೆಟ್ಟಿಲು ಹಾಕಲಿಕ್ಕೂ ಬಳಕೆಯಾಗುತ್ತದೆ. ನಿಮ್ಮಂಥ, ನಮ್ಮಂಥ ಮನೆಯ ಮಕ್ಕಳು ಈ ಎರಡಕ್ಕೂ ಸೇರುವುದಿಲ್ಲ.

ಮಾರ್ಚ್ ಕೊನೆಯಲ್ಲಿ ಫಲಿತಾಂಶ ಬಂತು. ಅವಳು ತುಂಬ ಆಸೆ ಇಟ್ಟುಕೊಂಡಿದ್ದ ಕಾಲೇಜು (ಹೆಸರು ಬೇಡ) ಇಲ್ಲ ಅಂದಿತು. ಅವಳ ಕೆಮಿಸ್ಟ್ರಿ ಲ್ಯಾಬಿನ ಜೊತೆಗಾರನಿಗೆ ಅಲ್ಲಿ ಸಿಕ್ಕಿತು. ಅವನ ಅಪ್ಪ, ಅಜ್ಜ ಇಬ್ಬರೂ ಅಲ್ಲಿಯವರೇ. ಒಳ್ಳೆಯ ಹುಡುಗ, ಓದಿನಲ್ಲೂ ಚುರುಕು. ರಾತ್ರಿ ಹನ್ನೊಂದಕ್ಕೆ ಇವಳು ನನ್ನ ರೂಮಿನ ಬಾಗಿಲಲ್ಲಿ ಬಂದು ನಿಂತು, "ಅಪ್ಪ, ನೀನು ಅಲ್ಲಿ ಓದಿದ್ರೆ ನಂಗೆ ಸಿಗ್ತಿತ್ತಾ?" ಅಂತ ಕೇಳಿದಳು. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಅವಳು ಮಲಗಿದ ಮೇಲೆ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಒಂದು ಲೆಕ್ಕ ಹಾಕಿದೆ. ನಿಮಗೂ ಅದನ್ನೇ ತೋರಿಸುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲಿದೆ. ಒಂದು ಕಾಲೇಜಿಗೆ 50,000 ಅರ್ಜಿ ಬಂದು 2,000 ಮಂದಿಗೆ ಪ್ರವೇಶ ಸಿಗುತ್ತದೆ ಅಂತಿಟ್ಟುಕೊಳ್ಳಿ. ಹಾರ್ವರ್ಡ್‌ಗೆ 2024ರಲ್ಲಿ ಬಂದದ್ದು 54,008 ಅರ್ಜಿ, ಆಯ್ಕೆಯಾದವರು 1,937. ಹಾಗಾಗಿ ನನ್ನ ಅಂಕಿ ತೀರಾ ದೂರದ್ದಲ್ಲ. ಅರ್ಜಿ ಹಾಕಿದವರಲ್ಲಿ 1,000 ಮಂದಿ ಲೆಗಸಿ, ಅವರಲ್ಲಿ 300 ಮಂದಿಗೆ ಸಿಕ್ಕಿತು ಅಂದುಕೊಳ್ಳಿ. ಉಳಿದ 49,000 ಮಕ್ಕಳಿಗೆ 1,700 ಸೀಟು, ಅಂದರೆ ನೂರಕ್ಕೆ ಮೂರೂವರೆ. ಲೆಗಸಿ ಪದ್ಧತಿಯನ್ನೇ ಕಿತ್ತುಹಾಕಿ ಎಲ್ಲರಿಗೂ ಒಂದೇ ಅಳತೆ ಇಟ್ಟರೆ? ನೂರಕ್ಕೆ ನಾಲ್ಕು. ನನ್ನ ಮಗಳಿಗೆ ಬರುತ್ತಿದ್ದ ಹೆಚ್ಚುವರಿ ಅವಕಾಶ ನೂರಕ್ಕೆ ಬರೀ ಅರ್ಧ ಸೀಟಿನಷ್ಟು.

ಬೆಳಿಗ್ಗೆ ಆ ಕಾಗದ ಅವಳ ಮುಂದಿಟ್ಟೆ. ಬೆರಳಿಟ್ಟು ಸಾಲು ಸಾಲಾಗಿ ನೋಡಿದಳು. "ಅಂದ್ರೆ ಅವನಿಂದಾಗಿ ನಂಗೆ ಸಿಗ್ಲಿಲ್ಲ ಅಂತ ಅಲ್ಲ."

"ಅಲ್ಲ ಪುಟ್ಟಿ."

"ಆದ್ರೂ ಇದು ಸರಿ ಅಲ್ಲ, ಅಲ್ವಾ?"

"ಸರಿ ಅಲ್ಲ."

ನಾನು ನಿಮಗೆ ಹೇಳಬೇಕಾದ್ದೂ ಈ ಎರಡನ್ನೇ. ಲೆಗಸಿ ಇದ್ದವನಿಗೆ ಅದರ ಬಲ ದೊಡ್ಡದು. ಇಲ್ಲದವನಿಗೆ ಅದರಿಂದಾಗುವ ನಷ್ಟ ಸಾವಿರಾರು ಮಕ್ಕಳಲ್ಲಿ ಹಂಚಿಹೋಗುವುದರಿಂದ, ನಿಮ್ಮ ಮಗನೊಬ್ಬನ ಪಾಲಿಗೆ ಬರುವುದು ಚೂರು. ಆದ್ದರಿಂದ ಇದಕ್ಕೆ ಹೆದರಿ ಅರ್ಜಿ ಹಾಕದೇ ಇರಬೇಡಿ. ಹಾಗಂತ ಚೂರು ತಾನೇ ಅಂತ ಒಪ್ಪಿಕೊಳ್ಳಬೇಕಾಗಿಯೂ ಇಲ್ಲ, ಯಾಕೆಂದರೆ ಇದರ ಹುಟ್ಟೇ ಸರಿಯಿಲ್ಲ.

1920ರ ದಶಕದಲ್ಲಿ ವಲಸೆ ಬಂದ ಯಹೂದಿ ಮನೆಗಳ ಮಕ್ಕಳು ಪರೀಕ್ಷೆ ಚೆನ್ನಾಗಿ ಬರೆದು ಈ ಕಾಲೇಜುಗಳಿಗೆ ಸೇರತೊಡಗಿದರು. ಹಾರ್ವರ್ಡ್‌ನ ಆಗಿನ ಅಧ್ಯಕ್ಷ ಲೊವೆಲ್ 1922ರಲ್ಲಿ ಅವರ ಸಂಖ್ಯೆಗೆ ನೇರವಾಗಿ ಮಿತಿ ಹಾಕಲು ಹೊರಟರು. ಅದಕ್ಕೆ ವಿರೋಧ ಬಂತು. ನೇರ ಮಿತಿಯ ಬದಲು ಬಂದದ್ದು ಅರ್ಜಿಯಲ್ಲಿ ಫೋಟೋ, 'ನಡತೆ', ಮನೆತನದ ವಿವರ, ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಆದ್ಯತೆ. ಅದೇ ಹೊತ್ತಿಗೆ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಇಲ್ಲಿನ ಪೌರರಾಗುವಂತಿಲ್ಲ ಎಂದು ತೀರ್ಪು ಕೊಟ್ಟಿತು. 1946ರಲ್ಲಿ ಬಾಗಿಲು ತೆರೆದರೂ ವರ್ಷಕ್ಕೆ 100 ಭಾರತೀಯರಿಗೆ ಮಾತ್ರ. 1965ರ ವಲಸೆ ಕಾನೂನು ಬಂದ ಮೇಲೆಯೇ ನಮ್ಮವರು ಗುಂಪಾಗಿ ಬಂದದ್ದು. ಆ ಹುಡುಗನ ಅಜ್ಜನ ಹೆಸರು ಕಾಲೇಜಿನ ಪುಸ್ತಕದಲ್ಲಿ ಸೇರಿದ ಕಾಲಕ್ಕೆ ನಮ್ಮ ಅಜ್ಜಂದಿರಿಗೆ ಈ ದೇಶದ ಬಾಗಿಲೇ ಹೆಚ್ಚುಕಡಿಮೆ ಮುಚ್ಚಿತ್ತು. ನನ್ನ ಮಗಳು ಒತ್ತಿದ ಆ 'ಇಲ್ಲ' ಅಷ್ಟು ಹಳೆಯದು.

ಲೆಗಸಿ ಇಲ್ಲದಿದ್ದರೆ ಹಳೆ ವಿದ್ಯಾರ್ಥಿಗಳ ದೇಣಿಗೆ ನಿಂತುಹೋಗಿ ಕಾಲೇಜು ನಡೆಯುವುದಿಲ್ಲ ಅನ್ನುವವರಿದ್ದಾರೆ. ಎಂಐಟಿ ಲೆಗಸಿ ನೋಡುವುದಿಲ್ಲ, ಕ್ಯಾಲ್‌ಟೆಕ್ ನೋಡುವುದಿಲ್ಲ. ನಮ್ಮ ಮೇರಿಲ್ಯಾಂಡ್‌ನ ಜಾನ್ಸ್ ಹಾಪ್ಕಿನ್ಸ್ 2014ರಲ್ಲೇ ಸದ್ದಿಲ್ಲದೆ ಬಿಟ್ಟು 2020ರಲ್ಲಿ ಹೊರಗೆ ಹೇಳಿತು. ಅಲ್ಲಿ 2009ರಲ್ಲಿ ಹೊಸ ವಿದ್ಯಾರ್ಥಿಗಳಲ್ಲಿ ಶೇಕಡಾ 12.5ರಷ್ಟಿದ್ದ ಲೆಗಸಿ ಮಕ್ಕಳು 2019ಕ್ಕೆ ಶೇಕಡಾ 3.5ಕ್ಕೆ ಇಳಿದರು. ಅದೇ ಅವಧಿಯಲ್ಲಿ, ಕಡಿಮೆ ಆದಾಯದ ಮನೆಗಳಿಗೆ ಸರ್ಕಾರ ಕೊಡುವ ಪೆಲ್ ಗ್ರಾಂಟ್‌ಗೆ ಅರ್ಹರಾದ ಮಕ್ಕಳು ಶೇಕಡಾ 9ರಿಂದ 19ಕ್ಕೆ ಏರಿದರು. ಕಾಲೇಜೇನೂ ಮುಚ್ಚಲಿಲ್ಲ. ಆಮ್‌ಹರ್ಸ್ಟ್ 2021ರಲ್ಲಿ, ವೆಸ್ಲಿಯನ್ 2023ರಲ್ಲಿ ಕೈಬಿಟ್ಟವು. ಮೇರಿಲ್ಯಾಂಡ್ 2024ರಲ್ಲಿ ಲೆಗಸಿ ನಿಷೇಧಿಸುವ ಕಾನೂನನ್ನೇ ತಂದಿತು, ಅದೇ ವರ್ಷ ಕ್ಯಾಲಿಫೋರ್ನಿಯಾ ಕೂಡ. ಆದರೆ ಕ್ಯಾಲಿಫೋರ್ನಿಯಾದಲ್ಲೇ ಇರುವ ಸ್ಟ್ಯಾನ್‌ಫರ್ಡ್ ರಾಜ್ಯದ ವಿದ್ಯಾರ್ಥಿವೇತನದ ಹಣ ಬಿಟ್ಟರೂ ಪರವಾಗಿಲ್ಲ ಅಂತ ಲೆಗಸಿ ಉಳಿಸಿಕೊಂಡಿದೆ.

ನನಗೆ ನಿಜಕ್ಕೂ ನೋವು ತಂದ ಮಾತು ಕೇಳಿಬಂದದ್ದು ನಮ್ಮವರಿಂದಲೇ. ಈ ಸಲ ಕನ್ನಡ ಕೂಟದ ಯುಗಾದಿ ಊಟದಲ್ಲಿ, ಒಬ್ಬಟ್ಟು ಬಡಿಸುವ ಹೊತ್ತಿಗೆ ಈ ವಿಷಯ ಎದ್ದಿತು. ಬಹಳ ಬೇಕಾದವರೊಬ್ಬರು, ಅವರ ಮಗ ಅಂಥದ್ದೇ ಕಾಲೇಜಿನಲ್ಲಿ ಓದು ಮುಗಿಸಿದ್ದಾನೆ, "ನೂರು ವರ್ಷ ಅವರು ಉಂಡರು, ಈಗ ನಮ್ಮ ಮೊಮ್ಮಕ್ಕಳ ಸರದಿ ಬರೋ ಹೊತ್ತಿಗೆ ತೆಗೆದುಹಾಕಿ ಅಂದ್ರೆ ಹೇಗೆ ಸ್ವಾಮಿ?" ಅಂದರು. ಸುತ್ತ ಕೂತಿದ್ದ ಮೂರ್ನಾಲ್ಕು ಜನ ಹೌದು ಹೌದು ಅಂದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನಾವು ಇಲ್ಲಿ ಬಂದು ನಿಂತದ್ದು ರ್‍ಯಾಂಕ್ ಪಟ್ಟಿಯಲ್ಲಿ ಹೆಸರು ಹುಡುಕಿಕೊಂಡು. ನಮ್ಮ ಮೊಮ್ಮಗ ಒಳಗೆ ಹೋಗುವಾಗ ಹೊರಗೆ ನಿಲ್ಲುವವನು ಈ ವರ್ಷ ಬಂದಿಳಿದ ಇನ್ನೊಬ್ಬ ಕಂಡಕ್ಟರನ ಮನೆಯ ಮಗು. ಅದನ್ನೇ ಅವರಿಗೆ ಹೇಳಿದೆ. ಅವರು ಒಪ್ಪಲಿಲ್ಲ. ನಾನೂ ಬಿಡಲಿಲ್ಲ.

ಇನ್ನು ನೀವು ಮಾಡಬೇಕಾದ್ದು. ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ 'ಕಾಮನ್ ಡೇಟಾ ಸೆಟ್' ಎಂಬ ದಾಖಲೆ ಹೊರಡಿಸುತ್ತವೆ. ಕಾಲೇಜಿನ ಹೆಸರಿನ ಜೊತೆ ಆ ಪದ ಹಾಕಿ ಹುಡುಕಿ, ಸಿ7 ಎಂಬ ಭಾಗ ತೆಗೆಯಿರಿ. ಹಳೆ ವಿದ್ಯಾರ್ಥಿಗಳ ಸಂಬಂಧಕ್ಕೆ ಎಷ್ಟು ಬೆಲೆ ಕೊಡುತ್ತಾರೆ, ನೋಡುವುದೇ ಇಲ್ಲವಾ, ಅಲ್ಲಿ ಗುರುತು ಹಾಕಿರುತ್ತಾರೆ. ಲೆಗಸಿ ನೋಡದ ಕಾಲೇಜುಗಳಿಂದ ಪಟ್ಟಿ ಶುರುಮಾಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ, ಲಾಸ್ ಏಂಜಲೀಸ್ ಕ್ಯಾಂಪಸ್‌ಗಳೂ ಅದರಲ್ಲಿ ಬರುತ್ತವೆ. ನಿಮ್ಮಲ್ಲಿ ಯಾರಾದರೂ ಅಮೆರಿಕದಲ್ಲಿ ಎಂ.ಎಸ್. ಮಾಡಿದ್ದರೆ ಆ ವಿಶ್ವವಿದ್ಯಾಲಯವನ್ನು ಕೇಳಿ ನೋಡಿ. ಕೆಲವು ಕಡೆ ಅದೂ ಲೆಗಸಿ, ಹಾರ್ವರ್ಡ್‌ನಂಥ ಕಡೆ ಅಲ್ಲಿನ ಪದವಿ ಕಾಲೇಜಿನಲ್ಲೇ ಓದಿರಬೇಕು. ಚಿಕ್ಕಪ್ಪ ಓದಿದ್ದಾನೆ, ಸೋದರತ್ತೆ ಮಗಳು ಓದಿದ್ದಾಳೆ ಎಂಬುದರಿಂದ ಹೆಚ್ಚೇನೂ ಆಗುವುದಿಲ್ಲ.

ನನ್ನ ಮಗಳು ಈಗ ನಮ್ಮ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ, ಒಂದು ಲ್ಯಾಬಿನಲ್ಲಿ ಕೆಲಸವನ್ನೂ ಹಿಡಿದಿದ್ದಾಳೆ. ನಿಮ್ಮ ಮಗನಿಗೆ ಯಾವ ವಿಷಯ ಇಷ್ಟ, ಯಾವ್ಯಾವ ಕಾಲೇಜು ಮನಸ್ಸಿನಲ್ಲಿದೆ ಬರೆಯಿರಿ. ಅವುಗಳ ಸಿ7 ನೋಡಿ ನಾನೇ ಹೇಳುತ್ತೇನೆ.